ಮುದ್ದೆ ಗಂಟಾಗುತ್ತೆ, ಬಸ್ಸಾರು ನೀರಾಗುತ್ತೆ: ಎಲ್ಲಿ ತಪ್ಪುತ್ತಿದೆ?

ರಾಗಿಹೊಲ (ಪ್ರಶ್ನೆ)

ಮನೆಯಲ್ಲಿ ಈಗ ರಾತ್ರಿಯೂ ಅನ್ನ, ಇಲ್ಲವೇ ಚಪಾತಿ. ಮುದ್ದೆ ಏನಿದ್ದರೂ ಹಿರಿಯರಿಗೆ ಮಾತ್ರ ಅನ್ನುವಂತಾಗಿದೆ. ವಾರದಲ್ಲಿ ಮೂರ್ನಾಲ್ಕು ರಾತ್ರಿಯಾದರೂ ಎಲ್ಲರೂ ಮುದ್ದೆ, ಬಸ್ಸಾರು ಉಣ್ಣುವ ಹಾಗೆ ಮಾಡಬೇಕೆಂದಿದ್ದೇನೆ. ನಾನ್‌ಸ್ಟಿಕ್ ಬಾಣಲೆಯಲ್ಲಿ ತಿರುವಿದರೆ ಒಳಗೆ ಒಣ ಹಿಟ್ಟಿನ ಗಂಟು ಉಳಿಯುತ್ತದೆ. ಹಿಟ್ಟನ್ನು ತಣ್ಣೀರಲ್ಲಿ ಕಲಸಿಕೊಂಡು ಕಾಯಿಸಿದರೆ ಗಂಟಿಲ್ಲ, ಆದರೆ ಅಂಟಂಟು, ಗಂಟಲಲ್ಲಿ ಇಳಿಯುವುದಿಲ್ಲ. ಮಕ್ಕಳಿಗೆ ಒಳ್ಳೆಯದೆಂದು ಮೊಳಕೆ ರಾಗಿ ಹಿಟ್ಟು ತರುತ್ತಿದ್ದೇವೆ. ಬಸ್ಸಾರು ನೀರುನೀರಾಗಿ ಮುದ್ದೆಗೆ ಹತ್ತುವುದೇ ಇಲ್ಲ. ಸಕ್ಕರೆ ಕಾಯಿಲೆ ಇರುವವರೂ ಮನೆಯಲ್ಲಿದ್ದಾರೆ, ಅವರಿಗೆ ಎಷ್ಟು ಬಡಿಸಬಹುದು? ತಿಳಿದವರು ಅಳತೆ ಸಮೇತ ಹೇಳಿ.

ಹಿಟ್ಟಿನಕೋಲು

ಮೊದಲು ಹಿಟ್ಟು ಬದಲಿಸಿ. ರಾಗಿ ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ. ಅಂಥ ಹಿಟ್ಟು ಬೇಯುತ್ತಾ ಬಿಗಿಯಾಗುವ ಬದಲು ಸಡಿಲವಾಗುತ್ತದೆ. ಗಂಜಿಗೆ ಅದೇ ಗುಣ ಬೇಕು, ಮುದ್ದೆಗೆ ಅದೇ ಶತ್ರು. ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿಲ್ಲ, ಮುದ್ದೆ ನಿಲ್ಲುವುದು ಬೆಂದ ಪಿಷ್ಟದ ಬಲದಿಂದಲೇ. ಮೊಳಕೆ ಕಟ್ಟದ ರಾಗಿಯನ್ನು ಕಲ್ಲು ಆರಿಸಿ, ತೊಳೆದು, ಚೆನ್ನಾಗಿ ಒಣಗಿಸಿ, ನುಣ್ಣಗೆ ಬೀಸಿಸಿ. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರಿ ಮುಗ್ಗಲು ವಾಸನೆ ಬರುತ್ತದೆ, ಹರಡಿ ಆರಿಸಿ ತುಂಬಿ.

ಪಾತ್ರೆಯೂ ಬದಲಾಗಬೇಕು. ಬಾಣಲೆಯ ಬಾಯಿ ಅಗಲ, ನೀರು ಬೇಗ ಆರಿಹೋಗಿ ಮೇಲಿನ ಹಿಟ್ಟು ಬೇಯುವುದಿಲ್ಲ. ದಪ್ಪ ತಳದ, ಎತ್ತರದ ಪಾತ್ರೆ ತೆಗೆದುಕೊಳ್ಳಿ.

200 ಮಿ.ಲೀ. ಲೋಟದಲ್ಲಿ ಒಂದು ಲೋಟ ಹಿಟ್ಟು (ಸುಮಾರು 120 ಗ್ರಾಂ), ಎರಡು ಲೋಟ ನೀರು. ಇದಕ್ಕೆ ಎರಡು ಮಧ್ಯಮ ಮುದ್ದೆ ಆಗುತ್ತವೆ. ಅದೇ ಹಿಟ್ಟಿನಲ್ಲಿ ಒಂದು ಚಮಚ ತೆಗೆದು ತಣ್ಣೀರಲ್ಲಿ ಕದಡಿ ಆ ನೀರಿಗೆ ಹಾಕಿ ಕುದಿಸಿ, ನೀರಿಗೆ ಸ್ವಲ್ಪ ಮೈ ಬರಲಿ. ಚಿಟಿಕೆ ಉಪ್ಪು. ಉಕ್ಕಿ ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿಯಿರಿ. ಆಗ ತಿರುವಬೇಡಿ. ಗಂಟು ಹುಟ್ಟುವುದೇ ಇಲ್ಲಿ: ಒಣ ಹಿಟ್ಟಿನ ಉಂಡೆಯ ಹೊರಮೈ ಬೆಂದು ಮುಚ್ಚಿಕೊಂಡರೆ ಒಳಕ್ಕೆ ನೀರು ಹೋಗುವುದಿಲ್ಲ. ಮುದ್ದೆ ತಿರುವುವ ಕೋಲಿನ ತುದಿಯಿಂದ ಗುಡ್ಡೆಯಲ್ಲಿ ಮೂರ್ನಾಲ್ಕು ತೂತು ಮಾಡಿ, ಉರಿ ತಗ್ಗಿಸಿ, ಅರ್ಧ ಮುಚ್ಚಿ ಐದು ನಿಮಿಷ ಬಿಡಿ. ಕುದಿನೀರು ತೂತುಗಳಿಂದ ಮೇಲೆದ್ದು ಹಿಟ್ಟನ್ನು ನೆನೆಸಬೇಕು.

ಆಮೇಲೆ ಕಾಲು ಲೋಟದಷ್ಟು ಕುದಿನೀರು ಬಗ್ಗಿಸಿ ಪಕ್ಕಕ್ಕಿಡಿ. ಪಾತ್ರೆ ಇಳಿಸಿ, ಬಟ್ಟೆಯಿಂದ ಗಟ್ಟಿಯಾಗಿ ಹಿಡಿದು, ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಿ. ಗಟ್ಟಿ ಅನಿಸಿದರೆ ತೆಗೆದಿಟ್ಟ ನೀರನ್ನೇ ಹಾಕಿ. ತಣ್ಣೀರು ಹಾಕಿದರೆ ಕೆಲಸ ಕೆಟ್ಟಿತು. ಗಂಟು ಸಿಕ್ಕಿದರೆ ಒಡೆದು, ಎರಡು ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ ಮೂರು ನಿಮಿಷ ಸಣ್ಣ ಉರಿಯಲ್ಲಿಟ್ಟು ಮತ್ತೆ ಒತ್ತಿ. ಗಂಟಿಲ್ಲದಿದ್ದರೂ ಈ ಕೊನೆಯ ಹಬೆ ಬಿಡಬೇಡಿ, ಹಸಿ ವಾಸನೆ ಹೋಗುವುದು ಇದರಿಂದಲೇ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಬಿಸಿ ಇರುವಾಗಲೇ ಒದ್ದೆ ಮಣೆಯ ಮೇಲೆ ಹಾಕಿ ಕಟ್ಟಿ.

ಬೆರಕೆಸೊಪ್ಪು

ಮುದ್ದೆ ಮನೆಯಿಂದ ದೂರವಾಗುವುದಕ್ಕೆ ಸಾರೂ ಕಾರಣ. ಅನ್ನಕ್ಕೆಂದು ಮಾಡಿದ ತರಕಾರಿ ಸಾಂಬಾರನ್ನು ಮುದ್ದೆಗೂ ಬಡಿಸಿದರೆ ಯಾರಿಗೂ ರುಚಿಸುವುದಿಲ್ಲ. ಮುದ್ದೆಗೆ ಬೇಕಾದದ್ದು ಖಾರ, ಬೆಳ್ಳುಳ್ಳಿ ಮುಂದಿರುವ ಸಾರು.

ನಾಲ್ಕು ಜನಕ್ಕೆ ತೊಗರಿಬೇಳೆ 150 ಗ್ರಾಂ, ಬಿಡಿಸಿ ತೊಳೆದ ಸೊಪ್ಪು 400 ಗ್ರಾಂ, ನೀರು ಒಂದೂವರೆ ಲೀಟರ್. ದಂಟು, ಕೀರೆ, ಹೊನಗೊನ್ನೆ, ಅಣ್ಣೆ, ಗಣಿಕೆ, ಸಿಕ್ಕಿದ್ದನ್ನು ಬೆರೆಸಿ. ಮೆಂತ್ಯ ಹಿಡಿಗಿಂತ ಹೆಚ್ಚಾದರೆ ಕಟ್ಟು (ಬೇಳೆ, ಸೊಪ್ಪು ಬೇಯಿಸಿ ಬಸಿದ ನೀರು) ಕಹಿಯಾಗುತ್ತದೆ. ಪಾಲಕ್‌ನಲ್ಲಿ ಆಕ್ಸಲೇಟ್ (ಕಲ್ಲು ಕಟ್ಟಲು ಕಾರಣವಾಗುವ ಅಂಶ) ಜಾಸ್ತಿ, ಬೇಯಿಸಿದ ನೀರಿಗೂ ಇಳಿಯುತ್ತದೆ. ಬಸ್ಸಾರಿನಲ್ಲಿ ಆ ನೀರನ್ನೇ ಉಣ್ಣುವುದರಿಂದ ಮೂತ್ರಪಿಂಡದ ಕಲ್ಲು ಇರುವ ಮನೆಯಲ್ಲಿ ಪಾಲಕ್ ಬೇಡ.

ಬೇಳೆಯನ್ನು ಕುಕ್ಕರಿಗೆ ಹಾಕಬೇಡಿ. ಅಲ್ಲಿ ಅದು ಕರಗಿ, ಕಟ್ಟು ಸಾಂಬಾರಾಗಿ, ಪಲ್ಯ ಮುದ್ದೆಯಾಗುತ್ತದೆ. ತೆರೆದ ಪಾತ್ರೆಯಲ್ಲಿ, ಬೆರಳಲ್ಲಿ ಹಿಸುಕಿದರೆ ನುರಿಯಬೇಕು, ಆಕಾರ ಕೆಡಬಾರದು, ಅಷ್ಟು ಬೇಯಿಸಿ. ಆಮೇಲೆ ಸೊಪ್ಪು, ಉಪ್ಪು ಹಾಕಿ ಆರೇಳು ನಿಮಿಷ. ಬಸಿದರೆ ಸುಮಾರು ಒಂದು ಲೀಟರ್ ಕಟ್ಟು ಸಿಗಬೇಕು. ಹೆಚ್ಚಿದ್ದರೆ ಕುದಿಸಿ ಇಳಿಸಿ.

ಮಸಾಲೆಗೆ ಒಂದು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ. ಅರ್ಧರ್ಧ ಚಮಚ ಜೀರಿಗೆ, ಮೆಣಸು, ನಾಲ್ಕು ಚಮಚ ತೆಂಗಿನ ತುರಿ, ಎರಡು ಚಮಚ ಸಾರಿನ ಪುಡಿ, ಸಣ್ಣ ನಿಂಬೆ ಗಾತ್ರದ ಹುಣಸೆ, ಹಿಡಿ ಕೊತ್ತಂಬರಿ ಸೊಪ್ಪು. ಇದರ ಜೊತೆ ಬಸಿದ ಬೇಳೆ–ಸೊಪ್ಪು ಒಂದು ಸೌಟು ಹಾಕಿ ನುಣ್ಣಗೆ ರುಬ್ಬಿ. ನಿಮ್ಮ ಸಾರು ನೀರಾಗುವುದು ಬಹುಶಃ ಈ ಒಂದು ಸೌಟು ಬಿಟ್ಟಿದ್ದಕ್ಕೆ. ಕಟ್ಟಿಗೆ ಬೆರೆಸಿ ಎಂಟು–ಹತ್ತು ನಿಮಿಷ ಕುದಿಸಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಉಳಿದ ಬೇಳೆ–ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ತುರಿ ಉದುರಿಸಿದರೆ ಪಲ್ಯ.

ಗುಡ್ಡೆರಾಗಿ

ಸಕ್ಕರೆ ಕಾಯಿಲೆಯವರ ವಿಷಯಕ್ಕೆ. "ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ" ಎಂಬ ಮಾತನ್ನು ದಯವಿಟ್ಟು ನಂಬಬೇಡಿ. 100 ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ 67 ಗ್ರಾಂ ಆಸುಪಾಸು, ಅಕ್ಕಿಯಲ್ಲಿ 78. ಅಂತರ ದೊಡ್ಡದಲ್ಲ. ಮೇಲಿನ ಅಳತೆಯ ಒಂದು ಮುದ್ದೆಗೆ 60 ಗ್ರಾಂ ಹಿಟ್ಟು, ಅಂದರೆ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್. ಒಂದೇ ಮುದ್ದೆ ಬಡಿಸಿ, ಪಲ್ಯ ಎರಡು ಸೌಟು ಬಡಿಸಿ, ಅದರ ಮೇಲೆ ಅನ್ನ ಬೇಡ. ಮುದ್ದೆ ಉಂಡು ಮತ್ತೆ ಅನ್ನ ಕಲಸುವ ರೂಢಿಯಿಂದಲೇ ಲೆಕ್ಕ ತಪ್ಪುವುದು. ಊಟವಾಗಿ ಎರಡು ಗಂಟೆಗೆ ಮನೆಯಲ್ಲೇ ಪರೀಕ್ಷಿಸಿ, ಅಂಕಿಯನ್ನು ವೈದ್ಯರಿಗೆ ತೋರಿಸಿ ಗಾತ್ರ ನಿಗದಿ ಮಾಡಿಕೊಳ್ಳಿ.

ರಾಗಿಯ ನಿಜವಾದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. 100 ಗ್ರಾಂನಲ್ಲಿ ಕ್ಯಾಲ್ಸಿಯಂ 350 ಮಿ.ಗ್ರಾಂ ಆಸುಪಾಸು, ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ನಾರು 11 ಗ್ರಾಂ, ಅಕ್ಕಿಯಲ್ಲಿ 3ರ ಒಳಗೆ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಜರಡಿ ಹಿಡಿದು ತೌಡು ಎಸೆದರೆ ಈ ನಾರೂ ಹೋಯಿತು. ಊಟ ಮುಗಿದ ಕೂಡಲೇ ಕಾಫಿ, ಟೀ ಬೇಡ, ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಾರಿಗೆ ನಿಂಬೆರಸ ಹಿಂಡಿಕೊಂಡರೆ ಒಳ್ಳೆಯದು.

ರಾಗಿಹೊಲ

ವಿವರಕ್ಕೆ ವಂದನೆ. ಇಂಡಕ್ಷನ್ ಒಲೆಯಲ್ಲಿ ಆಗುತ್ತದೆಯೇ? ಮತ್ತೆ, ಮಕ್ಕಳು ಮುದ್ದೆಯನ್ನು ಅಗಿಯುತ್ತಾ ಕೂರುತ್ತಾರೆ.

ಹಿಟ್ಟಿನಕೋಲು

ಇಂಡಕ್ಷನ್‌ಗೆ ಅಲ್ಯೂಮಿನಿಯಂ ಪಾತ್ರೆ ಕೆಲಸ ಮಾಡುವುದಿಲ್ಲ, ದಪ್ಪ ತಳದ ಇಂಡಕ್ಷನ್ ಸ್ಟೀಲ್ ಪಾತ್ರೆ ಇರಲಿ. ಒಲೆಯ ಮೇಲೆ ತೊಳಸಬೇಡಿ, ಗಾಜು ಒಡೆದೀತು. ಇಳಿಸಿ, ನೆಲದ ಮೇಲೆ ಮಡಿಸಿದ ಗೋಣಿ ಹಾಸಿ ತೊಳಸಿ.

ಅಗಿದರೆ ಮುದ್ದೆ ಹಲ್ಲಿಗೆ ಅಂಟುತ್ತದೆ, ಅಲ್ಲಿಗೆ ಮಕ್ಕಳಿಗೆ ಬೇಸರ. ಅಡಿಕೆ ಗಾತ್ರಕ್ಕೆ ಮುರಿದು, ಸಾರಿನಲ್ಲಿ ಪೂರ್ತಿ ಅದ್ದಿ ನುಂಗಲು ಕಲಿಸಿ. ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಸಾರಿನಲ್ಲೇ ಕಿವುಚಿ ಕೊಡಿ. ಮೊದಲ ಒಂದೆರಡು ವಾರ ನಿಂಬೆ ಗಾತ್ರದ ಮುದ್ದೆ, ಮೇಲೆ ತುಪ್ಪ, ಜೊತೆಗೆ ಬಸ್ಸಾರಿನ ಬದಲು ಮಂದವಾದ ಮಸ್ಸೊಪ್ಪು (ಬೇಳೆ, ಸೊಪ್ಪನ್ನು ಬಸಿಯದೆ ಮಸೆದು ಮಾಡುವ ಸಾರು). ಹಿರಿಯರಿಗೊಂದು, ಮಕ್ಕಳಿಗೊಂದು ಅಡುಗೆ ಮಾತ್ರ ಬೇಡ. ಅನ್ನ ಎದುರಿಗಿದ್ದರೆ ಕೈ ಅಲ್ಲಿಗೇ ಹೋಗುತ್ತದೆ.

ಬೆರಕೆಸೊಪ್ಪು

ಹೊತ್ತಿಲ್ಲದ ದಿನ ರುಬ್ಬುವ ಗೋಜು ಬಿಟ್ಟು ಉಪ್ಸಾರು ಮಾಡಿ. ಕಟ್ಟನ್ನು ಬರೀ ಉಪ್ಪು ಹಾಕಿ ಬಿಸಿಯಾಗಿಡಿ. ಹತ್ತು ಹಸಿಮೆಣಸಿನಕಾಯಿ ಸುಟ್ಟು, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಹುಣಸೆ, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆದರೆ ಖಾರ ಸಿದ್ಧ. ನೀರು ತಾಗದಂತೆ ಗಾಜಿನ ಸೀಸೆಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಇರುತ್ತದೆ. ತಟ್ಟೆಯಲ್ಲಿ ಅವರವರು ಬೇಕಾದಷ್ಟು ಕದಡಿಕೊಳ್ಳುವುದರಿಂದ ಮಕ್ಕಳಿಗೂ ಖಾರದ ತಕರಾರಿಲ್ಲ.