ಎಡ ಕಿಡ್ನಿಯ ಸಿರೆ ಬೇರೆ ದಾರಿ ಹಿಡಿದಿದೆಯಂತೆ, ಇದು ಕಾಯಿಲೆಯಾ?

ಪ್ರಶ್ನೆ: ಅಣ್ಣನಿಗೆ ಅಮ್ಮ ಕಿಡ್ನಿ ಕೊಡುತ್ತಿದ್ದಾರೆ. ಅಮ್ಮನ ಎಡ ಕಿಡ್ನಿಯ ಸಿರೆ ಅಯೋರ್ಟಾದ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಹಿಂದೆ ಹೋಗಿದೆ ಅಂತ ಸಿಟಿ ಸ್ಕ್ಯಾನ್‌ನಲ್ಲಿ ಬಂದಿದೆ. ಪಾಪ, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ.

ಉತ್ತರ 1: ಕಾಯಿಲೆ ಅಲ್ಲ, ಹುಟ್ಟಿನಿಂದಲೇ ಹಾಗಿರುತ್ತದೆ. ಹೆಚ್ಚಿನವರಲ್ಲಿ ಈ ಸಿರೆ ಅಯೋರ್ಟಾದ ಮುಂದೆ ಹಾಯುತ್ತದೆ, ಕೆಲವರಲ್ಲಿ ಹಿಂದೆ, ಇನ್ನು ಕೆಲವರಲ್ಲಿ ಎರಡು ಕವಲಾಗಿ ಅಯೋರ್ಟಾವನ್ನು ಉಂಗುರದ ಹಾಗೆ ಸುತ್ತಿಕೊಂಡಿರುತ್ತದೆ. ಸರ್ಜನ್‌ಗೆ ಇದು ಮೊದಲೇ ಗೊತ್ತಿರಲೇಬೇಕು. ಗೊತ್ತಿಲ್ಲದೆ ಹಿಂದಿನ ಕವಲಿಗೆ ಪೆಟ್ಟಾದರೆ ರಕ್ತ ನಿಲ್ಲಿಸುವುದು ಬಹಳ ಕಷ್ಟ. ಸ್ಕ್ಯಾನ್ ಮಾಡಿಸುವುದೇ ಅದಕ್ಕೆ.

ಉತ್ತರ 2: ಎಡಗಡೆ ಸಿರೆ ಉದ್ದ ಇರುವುದರಿಂದ ಜೋಡಿಸಲು ಸುಲಭ, ಅದಕ್ಕೇ ಜಾಸ್ತಿ ಎಡ ಕಿಡ್ನಿಯನ್ನೇ ತೆಗೆಯುತ್ತಾರೆ. ಸಿರೆ ಹಿಂದೆ ಹೋಗಿದ್ದರೂ ತೆಗೆಯಬಹುದು. ಸರ್ಜನ್ ಹತ್ತಿರ ಕೂತು ಸ್ಕ್ಯಾನ್ ತೋರಿಸಿ ಅಂತ ಕೇಳಿ, ಅಮ್ಮನನ್ನೂ ಕರ್ಕೊಂಡು ಹೋಗಿ.