ಅಪ್‌ಡೇಟ್: ನಿಂತಿದ್ದ ಅಂಗವಿಕಲ ವೇತನ ಬಂತು, ಆದರೆ ದೂರು ವಾಪಸ್ ತಗೊಳ್ಳಲ್ಲ

ಹೋದ ತಿಂಗಳು ಕೇಳಿದ್ದೆನಲ್ಲ, ನನ್ನ ಅಂಗವಿಕಲ ವೇತನ ನಾಲ್ಕು ತಿಂಗಳಿಂದ ನಿಂತಿದೆ, ವಿಚಾರಿಸಲು ಹೋದರೆ ಗುಮಾಸ್ತರು ಎಲ್ಲರೆದುರು "ನಡೆದುಕೊಂಡೇ ಬಂದಿದ್ದೀಯಲ್ಲ, ನಿನಗ್ಯಾಕೆ ಸರ್ಕಾರದ ದುಡ್ಡು" ಅಂದರು ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಮೊದಲು ಬ್ಯಾಂಕಿಗೆ ಹೋದೆ. ತೊಂದರೆ ಅಲ್ಲೇ ಇತ್ತು. ಹಿಂದೆ ಇನ್ನೊಂದು ಬ್ಯಾಂಕಲ್ಲಿ ತೆರೆದ ಖಾತೆಗೆ ಆಧಾರ್ ಜೋಡಣೆ ಆಗಿತ್ತು, ಆ ಖಾತೆ ಬಂದ್ ಆಗಿದ್ದರಿಂದ ದುಡ್ಡು ವಾಪಸ್ ಹೋಗುತ್ತಿತ್ತು. ಬ್ಯಾಂಕಿನವರು ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ದುಡ್ಡು ಯಾವ ಬ್ಯಾಂಕಿನ ಖಾತೆಗೆ ಹೋಗಬೇಕು ಅನ್ನೋ ಜೋಡಣೆ) ಬದಲಿಸಿಕೊಟ್ಟರು, ಈ ತಿಂಗಳು ವೇತನ ಬಂತು. ಹಳೇ ಬಾಕಿ ಇನ್ನೂ ಬಂದಿಲ್ಲ. ಇಷ್ಟನ್ನ ಆ ಗುಮಾಸ್ತರು ಅವತ್ತೇ ಹೇಳಬಹುದಿತ್ತು, ಅಲ್ವಾ?

ಆಮೇಲೆ ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅಣ್ಣನ ಜೊತೆ ಹೋಗಿ ತಹಶೀಲ್ದಾರರಿಗೆ ಆ ಗುಮಾಸ್ತರ ಮೇಲೆ ದೂರು ಕೊಟ್ಟೆ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಜೆರಾಕ್ಸ್ ಲಗತ್ತಿಸಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂ ಬರೆದೆ. ಅಂಗವಿಕಲರನ್ನ ಬೇಕಂತಲೇ ನಾಲ್ಕು ಜನರ ಮುಂದೆ ಅವಮಾನಿಸಿದರೆ 6 ತಿಂಗಳಿಂದ 5 ವರ್ಷ ಜೈಲು ಅಂತ ಅದರಲ್ಲಿದೆ. ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ಹಾಕಿದ ಕಾಲು ಮಡಚಲಾಗದೆ ಗೋಡೆಗೆ ಒರಗಿ ಒಂದು ಗಂಟೆ ನಿಂತೆ, ಸೀಲ್ ಹಾಕಿದ ಸ್ವೀಕೃತಿ ಕೈಗೆ ಬರುವ ತನಕ ಕದಲಲಿಲ್ಲ.

"ದುಡ್ಡು ಬಂತಲ್ಲ, ಬಿಟ್ಟುಬಿಡು" ಅಂತಾರೆ ಮನೆಯಲ್ಲಿ. ಬಿಡಲ್ಲ. ಇಲ್ಲಿ ಉತ್ತರ ಸಿಗದಿದ್ದರೆ ಬೆಂಗಳೂರಿಗೆ, ರಾಜ್ಯ ಅಂಗವಿಕಲರ ಆಯುಕ್ತರಿಗೇ ಬರೆಯುತ್ತೇನೆ.