‘ಇನ್‌ಲೇ’, ‘ಮಾರ್ಕೆಟ್ರಿ’: ಎರಡಕ್ಕೂ ‘ಕೆತ್ತನೆ’ ಒಂದೇ ಸಾಕೇ?

ಶಿರಸಿಯ ಹಳೆಯ ಮನೆಗಳ ಮರಗೆಲಸವನ್ನು ಕುರಿತು ಬರೆಯುವಾಗ ಎದುರಾದ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಮರದ ಮೇಲ್ಮೈಯಲ್ಲಿ ಬೇರೆ ಮರ, ದಂತ ಅಥವಾ ಲೋಹದ ತುಣುಕುಗಳಿಂದ ಚಿತ್ರ ಮೂಡಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇನ್‌ಲೇ, ಮಾರ್ಕೆಟ್ರಿ ಎಂಬ ಎರಡು ಹೆಸರುಗಳಿವೆ. ನಮ್ಮ ಬರಹಗಳಲ್ಲಿ ಎರಡೂ ‘ಕುಸುರಿ ಕೆತ್ತನೆ’ಯೊಳಗೆ ಕರಗಿಹೋಗುತ್ತವೆ. ಗುಡಿಗಾರರ ಈ ಸೀಮೆಯಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಶ್ರೀಗಂಧದಲ್ಲಿ ಅವರು ಮಾಡುವುದು ಅಪ್ಪಟ ಕೆತ್ತನೆ: ಬೇಡದ್ದನ್ನು ತೆಗೆದು ರೂಪ ಬಿಡಿಸುವುದೇ ಹೊರತು ಹೊರಗಿನಿಂದ ಸೇರಿಸುವುದಲ್ಲ.

ಇನ್‌ಲೇಯಲ್ಲಿ ಗಟ್ಟಿ ಮರದ ಮೈಯಲ್ಲಿ ತುಣುಕಿನ ಆಕಾರಕ್ಕೆ ಸರಿಯಾಗಿ ತಗ್ಗು ತೋಡಿ, ತುಣುಕನ್ನು ಅಂಟಿನಿಂದ ಕೂರಿಸಿ, ಮೇಲ್ಮೈ ಸಮನಾಗುವಂತೆ ಉಜ್ಜುತ್ತಾರೆ. ಭೌಗೋಳಿಕ ಸೂಚಿಕೆ ಪಡೆದಿರುವ ಮೈಸೂರಿನ ಬೀಟೆ ಮರದ ಕೆಲಸ ಈ ಬಗೆಯದು. ಅಲ್ಲಿಯ ಅರಮನೆಯಲ್ಲಿ ಬೀಟೆಗೆ ದಂತ ಕೂರಿಸಿದ ಬಾಗಿಲುಗಳಿವೆ.

ಮಾರ್ಕೆಟ್ರಿಯ ದಾರಿಯೇ ಬೇರೆ. ಅಲ್ಲಿ ಚಿತ್ರವೂ ಅದರ ಸುತ್ತಲ ನೆಲವೂ ತೆಳು ಪದರಗಳೇ; ಅವನ್ನು ನವಿರಾದ ಗರಗಸದಿಂದ ಕೊಯ್ದು, ಒಂದಕ್ಕೊಂದು ಹೊಂದಿಸಿ, ಇಡಿಯ ಹಾಸನ್ನೇ ಪೀಠೋಪಕರಣದ ಮೈಗೆ ಅಂಟಿಸುತ್ತಾರೆ. ಹದಿನಾಲ್ಕನೆಯ ಲೂಯಿಯ ಕಾಲದ ಪ್ಯಾರಿಸ್ಸಿನಲ್ಲಿ ಆಂದ್ರೆ ಶಾರ್ಲ್ ಬೂಲ್ (1642–1732) ಎಂಬ ಕುಶಲಿಯಿಂದ ಹೆಸರಾದ ವಿಧಾನದಲ್ಲಿ ಆಮೆಚಿಪ್ಪು ಮತ್ತು ಹಿತ್ತಾಳೆಯ ತಗಡುಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ಕೊಯ್ಯುತ್ತಿದ್ದರು. ಹೀಗಾಗಿ ಚಿಪ್ಪಿನ ನೆಲದಲ್ಲಿ ಹಿತ್ತಾಳೆಯ ಬಳ್ಳಿ, ಹಿತ್ತಾಳೆಯ ನೆಲದಲ್ಲಿ ಚಿಪ್ಪಿನ ಬಳ್ಳಿ ಎಂದು ಜೋಡಿ ಚಿತ್ರಗಳು ಹುಟ್ಟುತ್ತಿದ್ದವು. ಎಲೆಗೆ ನೆರಳು ಬೇಕಾದರೆ ಮರದ ತುಣುಕಿನ ಅಂಚನ್ನು ಕಾದ ಮರಳಿನಲ್ಲಿ ಅದ್ದಿ ಕಂದಿಸುತ್ತಾರೆ. ಇಷ್ಟರಲ್ಲಿ ತಗ್ಗು ತೋಡುವ ಮಾತೇ ಇಲ್ಲವಾದ್ದರಿಂದ ಇದನ್ನು ಕೆತ್ತನೆ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್‌ಲೇಯ ಮಟ್ಟಿಗೆ ‘ಕೆತ್ತು’ ಪೂರಾ ತಪ್ಪೂ ಅಲ್ಲ. ‘ವಜ್ರ ಕೆತ್ತಿದ ಉಂಗುರ’ ಎಂಬಲ್ಲಿ ಅದಕ್ಕೆ ಕೂರಿಸುವ ಅರ್ಥವೇ ಇದೆ. ಆದರೆ ‘ಬೀಟೆಯಲ್ಲಿ ಕೆತ್ತಿದ ಆನೆ’ ಎಂದಾಗ ಅದು ಉಬ್ಬುಶಿಲ್ಪವೋ ಬಿಳಿ ಮರದ ತುಣುಕೋ ತಿಳಿಯದು. ಸಂಸ್ಕೃತದ ‘ಖಚಿತ’ವು ‘ದಂತಖಚಿತ’ದಂಥ ಸಮಾಸದಲ್ಲಿ ಸೊಗಸಾಗಿ ಸಲ್ಲುತ್ತದೆ, ಬಿಡಿಯಾಗಿ ಬಳಸಿದರೆ ‘ಖಚಿತ ಕೆಲಸ’ವು ಗುತ್ತಿಗೆದಾರನ ಭರವಸೆಯಂತೆ ಕೇಳಿಸುತ್ತದೆ. ಆದ್ದರಿಂದ ಅಕ್ಕಸಾಲಿಗರು ಹರಳು ‘ಕೂರಿಸು’ವಂತೆ ಇನ್‌ಲೇಗೆ ‘ಕೂರಿಸುಗೆಲಸ’ ಎಂದಿಟ್ಟುಕೊಂಡಿದ್ದೇನೆ.

ಮಾರ್ಕೆಟ್ರಿಗೆ ‘ಮರದ ಹಾಳೆಯ ಚಿತ್ತಾರ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ನಮ್ಮ ತೋಟಿಗರಿಗೆ ಹಾಳೆ ಎಂದರೆ ಮೊದಲು ಅಡಿಕೆ ಹಾಳೆ. ‘ಪದರಚಿತ್ತಾರ’ ಸದ್ಯದ ಆಯ್ಕೆ. ಮಲೆನಾಡಿನ ದೀವರ ಸಮುದಾಯದವರು ಮನೆಗೋಡೆಯ ಮೇಲೆ ಬರೆಯುವ ಚಿತ್ತಾರದ ನೆನಪು ಬರುವುದು ನನಗಂತೂ ತೊಂದರೆಯೆನಿಸಿಲ್ಲ, ಎರಡರಲ್ಲೂ ಸಮತಲದ ಮೇಲಿನ ವಿನ್ಯಾಸವೇ ಮುಖ್ಯ.

ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಬಡಗಿಗಳು ತೆಳುಪದರ ಕೊಯ್ದು ಹೊಂದಿಸುವ ಕೆಲಸಕ್ಕಾಗಲಿ, ಆ ತೆಳುಪದರಕ್ಕಾಗಲಿ, ‘ವಿನಿಯರ್’ ಎಂಬುದನ್ನು ಬಿಟ್ಟು ಬೇರೆ ಮಾತು ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಎಂಬುದನ್ನೂ ದಯವಿಟ್ಟು ಬರೆಯಿರಿ.